ಗೇಟಿನ ಮೇಲಿನ ಅಮ್ಮ

ನಿಶ್ಚಿತಾರ್ಥಕ್ಕೆಂದು ಮಾವಿನ ತೋರಣ ಕಟ್ಟಿದ್ದ ಗೇಟಿಗೆ ಸಾವಿನ ಪೋಸ್ಟರ್ ಅಂಟಿಸಿದವನು ನಾನು. ಮೈದಾ ಹಿಟ್ಟಿನ ಅಂಟು ಕುದಿಸಿದವನೂ ನಾನೇ; ಮಳೆ ಬಂದರೂ ಬಿಡಬಾರದೆಂದು ಎರಡು ಸಲ ಬಳಿದವನೂ ನಾನೇ. ತೋರಣ ಕಣ್ಣಿಗೆ ಬಿದ್ದಿರಲಿಲ್ಲವೇ ಎಂದು ಕೇಳುವವರಿಗೆ ಹೇಳಿಬಿಡುತ್ತೇನೆ: ಬಿದ್ದಿತ್ತು. ಅದು ಮರೆಯಾಗಬಾರದೆಂದು ಪೋಸ್ಟರನ್ನು ಒಂದು ಗೇಣು ಕೆಳಗೆ ಅಂಟಿಸಿದೆ.

ಇಂಥವನು ಈಗ ಬುದ್ಧಿ ಹೇಳಲು ಕೂತಿದ್ದಾನೆ. ನನ್ನ ವಯಸ್ಸು ಮೂವತ್ಮೂರು. ನಾನಿದ್ದ ಕಂಪನಿ ಹೋದ ವರ್ಷ ಬಾಗಿಲು ಹಾಕಿತು. ಮನೆಯವರು ಇದನ್ನು ‘ಕೆಲಸ ಹೋಯಿತು’ ಎನ್ನುತ್ತಾರೆ, ನಾನು ‘ನಿವೃತ್ತಿ’ ಎನ್ನುತ್ತೇನೆ. ನಿವೃತ್ತರಾದವರೆಲ್ಲ ಅನುಭವ ಬರೆಯುತ್ತಾರಾದ್ದರಿಂದ ನಾನೂ ಬರೆಯುತ್ತಿದ್ದೇನೆ. ಚಿಕ್ಕಪ್ಪನ ಮಗಳು ವಾಣಿ ನಾನು ಮಾಡುತ್ತಿದ್ದಂಥದೇ ಕೆಲಸಕ್ಕೆ ಸೇರಿದ್ದಾಳೆ. “ಅಣ್ಣಾ, ಅಲ್ಲಿ ಏನು ಮಾಡ್ಬೇಕು?” ಎಂದು ಕೇಳಿದಳು. ಏನು ಮಾಡಬಾರದು ಎಂದು ಕೇಳಿದ್ದರೆ ಉತ್ತರ ಸುಲಭವಿತ್ತು.

ಕೆಲಸ ಇಷ್ಟು. ಮದ್ರಾಸಿನ ಸುತ್ತ ಕಾರಿನ ಕಾರ್ಖಾನೆ, ಬಂದರು, ಕಂಪ್ಯೂಟರು ಎಂದು ವಿದೇಶದವರು ಬಂದಿಳಿಯತೊಡಗಿದ ಕಾಲ. ಅವರಿಗೆ ಮನೆ ಹುಡುಕಬೇಕು, ಗ್ಯಾಸ್ ಕೊಡಿಸಬೇಕು, ನೀರಿನ ಲಾರಿ ಬರುವ ಹೊತ್ತು ತಿಳಿಸಬೇಕು, ಮಕ್ಕಳನ್ನು ಶಾಲೆಗೆ ಸೇರಿಸಬೇಕು. ಅವರು ಅತ್ತರೆ ಪಕ್ಕದಲ್ಲಿ ನಿಲ್ಲಬೇಕು. ಇದನ್ನು ಕೆಲಸಕ್ಕೆ ಸೇರಿಸಿಕೊಳ್ಳುವಾಗ ಯಾರೂ ಹೇಳುವುದಿಲ್ಲ. ಈಗೆಲ್ಲ ಇಂಟರ್ನೆಟ್ಟಿನಲ್ಲಿ ಮನೆಯ ಫೋಟೋ ನೋಡಿಯೇ ಮುಂಗಡ ಕೊಡುತ್ತಾರಂತೆ. ನಮ್ಮ ಕಾಲದಲ್ಲಿ, ಅಂದರೆ ಹತ್ತು ವರ್ಷದ ಹಿಂದೆ, ಬೀದಿ ಬೀದಿ ಸುತ್ತಿ ‘ಟು ಲೆಟ್’ ಬೋರ್ಡು ನೋಡಬೇಕಿತ್ತು. ಇಸ್ತ್ರಿ ಮಾಡುವವರಿಗೆ ಟೀ ಕೊಡಿಸಿ ಯಾವ ಮನೆ ಖಾಲಿಯಾಗಲಿದೆ ಎಂದು ತಿಳಿಯಬೇಕಿತ್ತು.

ನನ್ನ ಬಂಡವಾಳ ಗಂಟಲು. ತಿರುವಲ್ಲಿಕ್ಕೇಣಿಯ ವಠಾರದಲ್ಲಿ ಬೆಳೆದವನು. ಮನೆಯಲ್ಲಿ ಅಜ್ಜನ ಕನ್ನಡ, ಬಾಗಿಲಾಚೆ ತಮಿಳು, ಶಾಲೆಯಲ್ಲಿ ಇಂಗ್ಲಿಷು. ಯಾರ ಧ್ವನಿ ಕೇಳಿದರೂ ಸಂಜೆಯ ಹೊತ್ತಿಗೆ ಅದು ನನ್ನ ಬಾಯಲ್ಲಿರುತ್ತಿತ್ತು. ಸೌಕಾರ್‌ಪೇಟೆಯ ಸೇಟು ಮನೆಯ ಮಾಲೀಕನಾದರೆ ಸೇಟಿನ ರಾಗದಲ್ಲೇ ಫೋನು ಮಾಡುತ್ತಿದ್ದೆ, ಮೈಲಾಪುರದ ವಕೀಲರಾದರೆ ವಕೀಲರ ಕೆಮ್ಮಿನಲ್ಲಿ. ಎಲ್ಲಕ್ಕಿಂತ ಚೆನ್ನಾಗಿ ಬರುತ್ತಿದ್ದುದು ನಮ್ಮ ಬಾಸ್ ವರದನ್ ಸಾರ್ ಅವರ ಧ್ವನಿ. ಅವರು ಮೊದಲು ಗಂಟಲು ಸರಿಮಾಡಿಕೊಂಡು, “ನಾನ್ ಒಣ್ಣು ಸೊಲ್ರೇನ್” ಅನ್ನುತ್ತಿದ್ದರು, ಒಂದು ಮಾತು ಹೇಳುತ್ತೇನೆ ಎಂದು. ಆಮೇಲೆ ಏನೂ ಹೇಳುತ್ತಿರಲಿಲ್ಲ. ಆ ಮೌನಕ್ಕೆ ಮಾಲೀಕರು ಹೆದರಿ ಒಪ್ಪಿಬಿಡುತ್ತಿದ್ದರು. ನಾನು ಆ ಮೌನವನ್ನೂ ಕಲಿತೆ.

ರಾದಾ ಬಂದದ್ದು ಆಗ. ಬಲ್ಗೇರಿಯಾದವಳು. ಗಂಡ ಹಡಗಿನ ಎಂಜಿನಿಯರು. ವರ್ಷದಲ್ಲಿ ಮುಕ್ಕಾಲು ಪಾಲು ನೀರಿನ ಮೇಲೆ, ಉಳಿದ ಕಾಲು ಎಣ್ಣೂರಿನ ಬಂದರಿನಲ್ಲಿ. ಜೊತೆಗೆ ಏಳು ವರ್ಷದ ಮಗಳು ಮಿಲಾ. ಮೊದಲ ದಿನ ಕಾರಿನಲ್ಲಿ ಕೂತು ರಾದಾ ಕೇಳಿದ್ದು ಒಂದೇ ಪ್ರಶ್ನೆ: “ನನಗೆ ಬಾಲ್ಕನಿ ಬೇಡ, ಈಜುಕೊಳ ಬೇಡ. ಕೆಳಗೆ ಯಾರಾದರೂ ಮುದುಕಿ ಇರುವ ಮನೆ ಸಿಗುತ್ತಾ?”

“ನೋ ಪ್ರಾಬ್ಲಂ ಮೇಡಂ” ಎಂದೆ. ಅದು ನನ್ನ ಮಾತು. ಏನು ಕೇಳಿದರೂ ಅದೇ.

ಪ್ರಾಬ್ಲಂ ಮೊದಲನೇ ಮನೆಯಲ್ಲೇ ಶುರುವಾಯಿತು. ಬಲ್ಗೇರಿಯಾದವರು ‘ಇಲ್ಲ’ ಅನ್ನಲು ತಲೆಯನ್ನು ಮೇಲೆ ಕೆಳಗೆ ಆಡಿಸುತ್ತಾರೆ. ಮಾಲೀಕರು “ಮಾಂಸ ಗೀಂಸ ಬೇಯಿಸ್ತೀರಾ?” ಎಂದಾಗ ಅವಳು ನಿಧಾನವಾಗಿ, ಗೌರವದಿಂದ, ಮೇಲೆ ಕೆಳಗೆ ಆಡಿಸಿದಳು. ನಾವು ಬೀದಿಗೆ ಬಂದೆವು. ಎರಡನೇ ಮನೆಗೆ ಹೋಗುವ ಮುಂಚೆ, “ಮೇಡಂ, ಒಳಗೆ ತಲೆ ಮಾತ್ರ ಆಡಿಸಬೇಡಿ, ಕಲ್ಲಿನ ಹಾಗೆ ಕೂತಿರಿ” ಎಂದೆ. ಕಲ್ಲಿನ ಹಾಗೆ ಕೂತಳು. ಆ ಮನೆಯವರು ಅವಳಿಗೆ ಜಂಬ ಎಂದರು.

ಮೂರನೆಯದು ಕಮಲಾ ಮಾಮಿಯ ಮನೆ. ನುಂಗಂಬಾಕ್ಕಂನ ಹಳೇ ಬೀದಿ; ಕೆಳಗೆ ಮಾಮಿ, ಅವರ ಯಜಮಾನರು, ಮಗಳು ಸುಮಾ; ಮಹಡಿ ಬಾಡಿಗೆಗೆ. ಮುಂದೆ ದೊಡ್ಡ ಗೇಟು, ಮಹಡಿಯವರಿಗೆಂದು ಪಕ್ಕದಲ್ಲಿ ಒಂದು ಚಿಕ್ಕ ಗೇಟು. ಮಾಮಿ ಮೈಸೂರಿನಿಂದ ಮದುವೆಯಾಗಿ ಬಂದವರು. ಮೂವತ್ತು ವರ್ಷವಾದರೂ ಅವರ ಕನ್ನಡ ಅಗ್ರಹಾರದಿಂದ ಈಗಷ್ಟೇ ಎದ್ದು ಬಂದ ಹಾಗಿತ್ತು, ನಡುನಡುವೆ ತಮಿಳು ಉದುರುತ್ತಿತ್ತು ಅಷ್ಟೇ. ಯಜಮಾನರು ಮಾತಾಡುತ್ತಿದ್ದುದು ರೇಡಿಯೋದ ಜೊತೆ ಮಾತ್ರ.

“ಏನಪ್ಪಾ ರಘು, ಇವಳು ಏನು ತಿಂತಾಳೆ?” ಎಂದರು ಮಾಮಿ. ನಾನು ಬಾಯಿ ತೆರೆಯುವ ಮೊದಲೇ ಕೈ ಅಡ್ಡ ಹಿಡಿದು, “ನೀನು ಬೇಡ, ಅವಳೇ ಹೇಳ್ಲಿ” ಎಂದರು.

ರಾದಾ ಇಂಗ್ಲಿಷಿನಲ್ಲಿ ಹೇಳಿದಳು, ಕೈಯಲ್ಲೂ ಹೇಳಿದಳು. ಮೊಸರು. ಅದರಲ್ಲಿ ಸೌತೆಕಾಯಿ ಸಣ್ಣಗೆ ಕೊಚ್ಚಬೇಕು, ನೀರು ಬೆರೆಸಬೇಕು. ಆಮೇಲೆ ಒಂದು ಸೊಪ್ಪು, ಕೂದಲಿನ ಹಾಗೆ ಎಳೆ ಎಳೆ; ಇಡೀ ಊರಲ್ಲಿ ಎಲ್ಲೂ ಸಿಗಲಿಲ್ಲ. ಬೆರಳುಗಳನ್ನು ಮೂಗಿನ ಹತ್ತಿರ ತಂದು ವಾಸನೆ ತೋರಿಸಿದಳು. ಸುಮಾ ತಮಿಳಿನಲ್ಲಿ ತಾಯಿಗೆ ಅರ್ಥ ಹೇಳುತ್ತಿದ್ದಳು. ಮಾಮಿ ತಟ್ಟನೆ ಕೇಳಿದರು, “ಸಬ್ಬಸಿಗೆ ಸೊಪ್ಪೇನೇ ಅದು?”

ಅದೇ. ಈ ಊರಿನಲ್ಲಿ ಸಬ್ಬಸಿಗೆ ಕೇಳಿದರೆ ಸೋಂಪು ಕೊಡುತ್ತಾರೆ ಎಂದು ಮಾಮಿ ಮೂವತ್ತು ವರ್ಷದಿಂದ ದೂರು ಹೇಳುತ್ತಿದ್ದರಂತೆ, ಕೇಳುವವರು ಇರಲಿಲ್ಲ. ಈಗ ಸಮುದ್ರದಾಚೆಯಿಂದ ಒಬ್ಬಳು ಅದೇ ದೂರು ಹೊತ್ತು ಬಂದಿದ್ದಳು. “ಮಹಡಿ ಕೊಡ್ತೀನಿ,” ಎಂದರು. “ಮಾಂಸ ಹೋಟ್ಲಲ್ಲಿ ತಿನ್ಲಿ. ಬೆಳ್ಳುಳ್ಳಿ ಹಾಕೋವಾಗ ಕಿಟಕಿ ತೆಗೀಲಿ. ನಿಮ್ಮ ಬಾಸ್ ಒಂದು ಸಲ ಫೋನ್ ಮಾಡಿ ಜವಾಬ್ದಾರಿ ಅಂತ ಹೇಳ್ಲಿ, ಸಾಕು.”

ಬಾಸ್ ಅಂದು ಕಾಂಚೀಪುರಕ್ಕೆ ಹೋಗಿದ್ದರು. ಬೀದಿ ಕೊನೆಯ ಟೆಲಿಫೋನ್ ಬೂತಿನಿಂದ ನಾನೇ ಗಂಟಲು ಸರಿಮಾಡಿಕೊಂಡೆ. “ನಾನ್ ಒಣ್ಣು ಸೊಲ್ರೇನ್.” ಆಮೇಲೆ ಮೌನ. ಮಾಮಿ ಒಪ್ಪಿದರು.

ಹೀಗೆ ಪ್ರತಿ ವಾರ ಕೋಯಂಬೇಡಿನ ತರಕಾರಿ ಮಾರುಕಟ್ಟೆಗೆ ಹೋಗುವ ಕೆಲಸ ನನಗೆ ಅಂಟಿಕೊಂಡಿತು. ಹೊಸೂರು ಕಡೆಯ ಲಾರಿಗಳಲ್ಲಿ ಯಾವಾಗಲಾದರೂ ಸಬ್ಬಸಿಗೆ ಕಟ್ಟು ಬರುತ್ತಿತ್ತು. ಮಹಡಿಗೆ ಅರ್ಧ, ಕೆಳಗೆ ಅರ್ಧ. ಮೇಲೆ ಮೊಸರಿನ ಸಾರು, ಕೆಳಗೆ ಅಕ್ಕಿರೊಟ್ಟಿ. ಇದು ನನ್ನ ಕೆಲಸಕ್ಕೆ ಸೇರಿದ್ದೇ ಅಲ್ಲ ಎಂದು ಗೊಣಗುತ್ತಲೇ ಹೋಗುತ್ತಿದ್ದೆ. ಎರಡು ಕಡೆಯೂ ನನಗೆ ತಟ್ಟೆ ಇಡುತ್ತಿದ್ದರು ಎಂಬುದನ್ನು ಆಫೀಸಿನಲ್ಲಿ ಹೇಳುತ್ತಿರಲಿಲ್ಲ.

ಮಿಲಾ ಆರು ತಿಂಗಳಲ್ಲಿ ತಮಿಳು ಕಲಿತಳು. ತಾಯಿ ತಮ್ಮ ಭಾಷೆಯಲ್ಲಿ ಕೇಳಿದ್ದಕ್ಕೆಲ್ಲ ತಮಿಳಿನಲ್ಲಿ ಉತ್ತರ. ಒಂದು ಸಂಜೆ ಮೆಟ್ಟಿಲ ಮೇಲೆ ಕೂತು ರಾದಾ ನನ್ನ ಹತ್ತಿರ ಇದನ್ನು ಹೇಳಿ ಬೇಸರಪಟ್ಟುಕೊಳ್ಳುತ್ತಿರುವಾಗ ಒಳಗಿನಿಂದ ಮಾಮಿ ಕೂಗಿದರು, “ಸುಮಾ, ಹಾಲು ಉಕ್ಕತ್ತೆ ನೋಡೇ.” ಸುಮಾ ಅಂದಳು, “ಪಾತ್ತುಕ್ಕಿಟ್ಟುದಾನ್‌ಮ್ಮಾ ಇರುಕ್ಕೇನ್.” ನೋಡುತ್ತಲೇ ಇದ್ದೇನಮ್ಮಾ ಎಂದು. ರಾದಾಗೆ ಎರಡು ಭಾಷೆಯೂ ತಿಳಿಯದು, ಆದರೆ ಅವು ಬೇರೆ ಬೇರೆ ಎಂದು ತಿಳಿಯಿತು. “ಇಲ್ಲೂನಾ?” ಎಂದಳು. ನಾನು ನನ್ನ ಅಜ್ಜನಿಗೆ ಯಾವ ಭಾಷೆಯಲ್ಲಿ ಉತ್ತರ ಕೊಡುತ್ತಿದ್ದೆ ಎಂದು ಅವಳು ಕೇಳಲಿಲ್ಲ, ಪುಣ್ಯ.

ಅವಳ ಇಂಗ್ಲಿಷನ್ನು ನಾನು ಆಫೀಸಿನಲ್ಲಿ ಆಡಿ ತೋರಿಸುತ್ತಿದ್ದೆ. ಒಂದು ದಿನ ಹಿಂದೆಯೇ ನಿಂತಿದ್ದಳು. ಅವಳು ಮುಂದೆ ಬಂದು, ಹೆಗಲ ಮೇಲೆ ಇಲ್ಲದ ಬ್ಯಾಗನ್ನು ಏರಿಸಿಕೊಂಡು, ಕತ್ತನ್ನು ಸ್ಪ್ರಿಂಗಿನ ಹಾಗೆ ಕುಣಿಸಿ, “ನೋ ಪ್ರಾಬ್ಲಂ ಮೇಡಂ, ನೋ ಪ್ರಾಬ್ಲಂ” ಎನ್ನುತ್ತ ಹೋಗಿ ಬಾಗಿಲಿಗೆ ಡಿಕ್ಕಿ ಹೊಡೆದಳು. ನಾನು ಅಂದಿನವರೆಗೆ ನನ್ನನ್ನು ನೋಡಿಯೇ ಇರಲಿಲ್ಲ. ವರದನ್ ಸಾರ್ ನಕ್ಕಿದ್ದನ್ನು ಕಂಡದ್ದೂ ಅಂದೇ ಮೊದಲು.

ಎರಡನೇ ವರ್ಷ ಅವಳ ಅಮ್ಮ ತೀರಿಕೊಂಡರು. ಗುಲಾಬಿ ಬೆಳೆಯುವ ಕಣಿವೆಯ ಒಂದು ಚಿಕ್ಕ ಊರಿನಲ್ಲಿ ಒಬ್ಬರೇ ಇದ್ದವರು, ಹೆಸರು ಸ್ತೊಯಾಂಕಾ. ರಾದಾಳ ಗಂಡ ಹಡಗಿನಲ್ಲಿ. ಮಿಲಾಗೆ ಮೈತುಂಬ ಸಿಡುಬು, ಅಂದರೆ ಅಮ್ಮ, ಎದ್ದಿತ್ತು. ಮಾಮಿ ಮಹಡಿ ಮೆಟ್ಟಿಲಿಗೆ ಬೇವಿನ ಸೊಪ್ಪು ಕಟ್ಟಿದ್ದರು. ಆ ಸ್ಥಿತಿಯಲ್ಲಿ ಮಗುವನ್ನು ವಿಮಾನ ಹತ್ತಿಸುವಂತಿಲ್ಲ, ಬಿಟ್ಟು ಹೋಗುವಂತಿಲ್ಲ. ರಾದಾ ಹೋಗಲಿಲ್ಲ. ಆ ದಿನಗಳಲ್ಲಿ ನಾನು ಯಾರ ಧ್ವನಿಯನ್ನೂ ಆಡಲಿಲ್ಲ. ಮಾಮಿಗೆ ವಿಷಯವನ್ನೂ ಹೇಳಲಿಲ್ಲ. ರಾದಾ ಹೇಳಬೇಡ ಎಂದಿದ್ದಳು. ಸಾವಿನ ಮನೆ ಎಂದು ಮಹಡಿ ಬಿಡಿಸಿಯಾರು ಎಂಬ ಹೆದರಿಕೆ ಅವಳಿಗೆ ಇತ್ತು. ಹಿಂದಿನ ಬಾಡಿಗೆದಾರರ ಕಥೆ ಹೇಳಿ ಆ ಹೆದರಿಕೆ ಹುಟ್ಟಿಸಿದ್ದವನು ನಾನೇ.

ವರ್ಷ ತುಂಬುವ ಹೊತ್ತಿಗೆ ರಾದಾ ನನ್ನನ್ನು ಕರೆದು ಬೀರುವಿನ ಬಾಗಿಲು ತೆಗೆದು ತೋರಿಸಿದಳು. ಒಳಬದಿಯಲ್ಲಿ, ಸೀರೆಯ ಹಾಗೆ ನೇತುಬಿಟ್ಟ ಬಟ್ಟೆಗಳ ಹಿಂದೆ, ಒಂದು ಹಾಳೆ. ಕಪ್ಪು ಅಂಚು, ಮೂಲೆಯಲ್ಲಿ ಶಿಲುಬೆ, ತಲೆಗೆ ವಸ್ತ್ರ ಕಟ್ಟಿದ ಹೆಂಗಸಿನ ಫೋಟೋ. ಅವರ ಕಡೆ ಯಾರಾದರೂ ತೀರಿಕೊಂಡರೆ ಇಂಥ ಹಾಳೆಯನ್ನು ಮನೆಯ ಬಾಗಿಲಿಗೆ, ಗೇಟಿಗೆ, ಬೀದಿಯ ಮರಕ್ಕೆ ಅಂಟಿಸುತ್ತಾರೆ. ಆಗ ಮಾತ್ರವಲ್ಲ, ನಲವತ್ತು ದಿನಕ್ಕೆ, ಅರ್ಧ ವರ್ಷಕ್ಕೆ, ವರ್ಷಕ್ಕೆ, ಆಮೇಲೂ. ಹೋಗುವವರು ನಿಂತು ಓದುತ್ತಾರೆ, ಒಂದು ಕ್ಷಣ ಮುಖ ನೋಡುತ್ತಾರೆ, ಮುಂದೆ ಹೋಗುತ್ತಾರೆ.

“ಮದ್ರಾಸಿಗೆ ಬಂದ ದಿನ ಗೋಡೆಗಳ ಮೇಲೆ ಸತ್ತವರ ಮುಖ ನೋಡಿದೆ,” ಎಂದಳು. ಇಲ್ಲಿನ ಕಣ್ಣೀರಂಜಲಿ ಪೋಸ್ಟರುಗಳ ಮಾತು. “ಎಲ್ಲ ವಿದೇಶದವರೂ ಅದನ್ನು ಕಂಡು ಬೆಚ್ಚುತ್ತಾರಂತೆ. ನನಗೆ ಊರಿಗೆ ಬಂದ ಹಾಗಾಯಿತು. ಆದರೆ ನನ್ನ ಅಮ್ಮ ಒಂದು ವರ್ಷದಿಂದ ಬೀರುವಿನಲ್ಲಿದ್ದಾಳೆ ರಘು. ಅಲ್ಲಿ ನಾನೊಬ್ಬಳೇ ನೋಡುತ್ತೇನೆ. ಈ ಬೀದಿಯಲ್ಲಿ ನಾಲ್ಕು ಜನ ಅವಳ ಮುಖ ನೋಡಬೇಕು. ಒಂದೇ ದಿನ. ನನ್ನ ಚಿಕ್ಕ ಗೇಟಿಗೆ, ಇಷ್ಟೇ ಇಷ್ಟು ಹಾಳೆ. ನೀನು ಮಾಮಿಯನ್ನು ಕೇಳು. ಬೇಡ ಎಂದರೆ ಬೇಡ. ಈ ಮನೆ ಕಳೆದುಕೊಂಡರೆ ಮಿಲಾಗೆ ಇನ್ನೊಬ್ಬಳು ಅಜ್ಜಿ ಸಿಗುವುದಿಲ್ಲ.”

“ನೋ ಪ್ರಾಬ್ಲಂ ಮೇಡಂ,” ಎಂದೆ.

ವಾಣಿ, ಇಲ್ಲಿಂದ ಗಮನ ಇಟ್ಟು ಓದು. ನಾನು ಮಾಮಿಯನ್ನು ಕೇಳಲಿಲ್ಲ. ಕೇಳಬೇಕಾದ ಮಾತು ನನಗೆ ಗೊತ್ತಿತ್ತು, ಮಾಮಿ ಹೇಳುವ ಉತ್ತರ ಅವರ ಧ್ವನಿಯಲ್ಲೇ ನನ್ನ ಕಿವಿಯಲ್ಲಿತ್ತು: ‘ಒಂದು ದಿನ ತಾನೇ, ಹಾಕ್ಲಿ ಬಿಡೋ.’ ಎಷ್ಟು ಚೆನ್ನಾಗಿ ಕೇಳಿಸಿತೆಂದರೆ, ಕೇಳಿಯೇ ಆಯಿತು ಎಂದುಕೊಂಡೆ. ಎಲ್ಲರ ಪರವಾಗಿ ಫೋನಿನಲ್ಲಿ ಮಾತಾಡಿ ಮಾತಾಡಿ ಬಂದ ರೋಗ ಇದು.

ಎರಡನೆಯ ಪೆದ್ದತನ, ಪ್ರೆಸ್ಸಿನಲ್ಲಿ. ಅವಳು ಕೇಳಿದ್ದು ಒಂದು ಹಾಳೆ. ನಾನು ಹೋದದ್ದು ಕಣ್ಣೀರಂಜಲಿ ಪೋಸ್ಟರುಗಳಿಗೆ ಹೆಸರಾದವನ ಹತ್ತಿರ. ಅವನು ಫೋಟೋ ನೋಡಿ, “ಸಾರ್, ಇಂಥ ಮುಖಕ್ಕೆ ಚಿಕ್ಕದು ಮಾಡಿದರೆ ಪಾಪ” ಎಂದ. ನನಗೂ ಹೌದೆನಿಸಿತು. ಎದೆಯೆತ್ತರದ ಬಣ್ಣದ ಪೋಸ್ಟರು. ಎರಡು ಪಾರಿವಾಳ, ಉರಿಯುವ ದೀಪ, ನೀರು ತುಂಬಿದ ಎರಡು ಕಣ್ಣು, ನಡುವೆ ಸ್ತೊಯಾಂಕಾ ಅಜ್ಜಿ ನಗುತ್ತಿದ್ದರು. ರಾದಾ ತನ್ನ ಲಿಪಿಯಲ್ಲಿ ಕೈಯಾರೆ ಬರೆದುಕೊಟ್ಟಿದ್ದ ‘ನೀನಿಲ್ಲದ ಒಂದು ವರ್ಷ’ ಎಂಬ ಸಾಲನ್ನು ಹಾಗೇ ಅಚ್ಚು ಹಾಕಿದ್ದ. ನಾನು ಅದನ್ನೇ ನೋಡಿ ಮೆಚ್ಚಿಕೊಂಡೆ. ಕೆಳಗೆ ತಮಿಳಿನಲ್ಲಿ ಎಲ್ಲ ಪೋಸ್ಟರಿಗೂ ಇರುವ ಸಾಲು ಹಾಗೇ ಉಳಿದುಬಿಟ್ಟಿತ್ತು: ಇಂದು ಸಂಜೆ ನಾಲ್ಕು ಗಂಟೆಗೆ ಇದೇ ಮನೆಯಿಂದ ಅಂತಿಮ ಯಾತ್ರೆ. ತಮಿಳು ಓದಲು ನನಗೆ ಚೆನ್ನಾಗಿ ಬರುತ್ತದೆ. ಓದಲಿಲ್ಲ.

ಶುಕ್ರವಾರ ಬೆಳಿಗ್ಗೆ ಹೋದೆ. ಪೋಸ್ಟರು ಚಿಕ್ಕ ಗೇಟಿಗೆ ಹಿಡಿಸಲಿಲ್ಲ. ದೊಡ್ಡ ಗೇಟಿನ ತಗಡು ಅಳತೆ ಮಾಡಿಸಿದ ಹಾಗಿತ್ತು. ದೊಡ್ಡ ರಂಗೋಲಿ ಕಂಡೆ, ಶುಕ್ರವಾರವಲ್ಲವೇ ಎಂದುಕೊಂಡೆ. ತೋರಣ ಕಂಡೆ, ಮಾಮಿ ಭಕ್ತೆಯಲ್ಲವೇ ಎಂದುಕೊಂಡೆ. ಒಳಗೆ ಒಗ್ಗರಣೆಯ ಸದ್ದು, ಯಜಮಾನರ ರೇಡಿಯೋ. ಸುಮಾಗೆ ಗಂಡು ಗೊತ್ತಾಗಿ, ಹುಡುಗನ ಕಡೆಯವರು ಅವಸರ ಮಾಡಿ, ಅಂದೇ ಮನೆಮಟ್ಟಿಗೆ ತಾಂಬೂಲ ಬದಲಾಯಿಸಿಕೊಳ್ಳುವುದೆಂದು ಎರಡು ದಿನದ ಹಿಂದಷ್ಟೇ ನಿಶ್ಚಯವಾಗಿತ್ತು. ಮಹಡಿಗೆ ಹೇಳಿದ್ದರು. ಪೋಸ್ಟರು ತನ್ನ ಚಿಕ್ಕ ಗೇಟಿನಲ್ಲಿ, ಮಾಮಿಯ ಒಪ್ಪಿಗೆಯಿಂದ, ಅಂಗೈಯಗಲ ಇರುತ್ತದೆ ಎಂದು ನಂಬಿದ್ದ ರಾದಾ ಮೇಲೆ ಸತ್ತವರಿಗೆಂದು ಗೋಧಿ ಬೇಯಿಸುತ್ತಿದ್ದಳು. ಅಂಟಿಸಿ, ಎರಡು ಹೆಜ್ಜೆ ಹಿಂದೆ ನಿಂತು ನೋಡಿ, ಅವಳು ಹೇಳಿದ್ದ ಹೂವು ತರಲು ಹೊರಟೆ. ಸತ್ತವರಿಗೆ ಹೂವು ಜೋಡಿ ಲೆಕ್ಕದಲ್ಲೇ ಕೊಡಬೇಕಂತೆ. ಹೂವಿನವಳ ಹತ್ತಿರ ಚೌಕಾಸಿ ಮಾಡಿದೆ, ಕಾಫಿ ಕುಡಿದೆ.

ವಾಪಸು ಬಂದಾಗ ಗೇಟಿನ ಮುಂದೆ ಜನ. ಬೀದಿ ಕೊನೆಯಲ್ಲಿ ಹೆಣ ಇಡುವ ಫ್ರೀಜರ್ ಬಾಕ್ಸ್ ಬಾಡಿಗೆಗೆ ಕೊಡುವವನು ತ್ರಿಚಕ್ರ ಗಾಡಿಯಲ್ಲಿ ಪೆಟ್ಟಿಗೆ ಹೇರಿಕೊಂಡು ಬಂದು, “ಯಾವ ರೂಮಲ್ಲಿ ಇಡ್ಲಿ?” ಎಂದು ಕೇಳುತ್ತಿದ್ದ. ಎದುರುಮನೆಯವರು ಗುಲಾಬಿ ಮಾಲೆ ಹಿಡಿದು ನಿಂತಿದ್ದರು. ಅವರ ಪಕ್ಕದಲ್ಲಿ, ಈಗಷ್ಟೇ ಕಾರಿನಿಂದ ಇಳಿದ ಹುಡುಗನ ಕಡೆಯವರು, ತಟ್ಟೆಯಲ್ಲಿ ಸೀರೆ, ಹಣ್ಣು, ಮಲ್ಲಿಗೆ. ಎಲ್ಲರಿಗಿಂತ ಮುಂದೆ ಹುಡುಗನ ಸೋದರಮಾವ, ಮಾಂಬಲಂನವರು, ಜರಿ ಪಂಚೆ. ಅವರು ಕೆಳಗಿನ ಸಾಲನ್ನು ಮಾತ್ರ ಓದಿದ್ದರು. ನಾನು ಓದದೆ ಬಿಟ್ಟದ್ದು ಅದೊಂದೇ.

“ಏನ್ ಮಾಮಿ ಇದು? ನಾಲ್ಕು ಗಂಟೆಗೆ ಹೆಣ ಎತ್ತಬೇಕು, ಹತ್ತು ಗಂಟೆಗೆ ನಮಗೆ ತಾಂಬೂಲವಾ?”

ಮಾಮಿ ರೇಷ್ಮೆ ಸೀರೆಯಲ್ಲಿ ಹೊರಗೆ ಬಂದಿದ್ದರು. ಪೋಸ್ಟರು ನೋಡಿದರು, ನನ್ನ ಕೈಯ ಅಂಟು ನೋಡಿದರು. “ರಘು” ಎಂದರು ಅಷ್ಟೇ. ಆ ಒಂದು ಮಾತನ್ನು ಅವರ ಹಾಗೆ ಹೇಳಲು ನನಗೆ ಇವತ್ತಿಗೂ ಬಂದಿಲ್ಲ.

ಅಷ್ಟರಲ್ಲಿ ವರದನ್ ಸಾರ್ ಸ್ಕೂಟರ್ ನಿಲ್ಲಿಸಿದರು. ಸುಮಾ ಆಫೀಸಿಗೆ ಫೋನು ಮಾಡಿದ್ದಳಂತೆ. ಗಂಟಲು ಸರಿಮಾಡಿಕೊಂಡು, “ನಾನ್ ಒಣ್ಣು ಸೊಲ್ರೇನ್” ಎಂದು ಶುರುಮಾಡಿದರು. ಮಾಮಿ ಅವರ ಮುಖ ನೋಡಿ, “ನೀವು ಯಾರು? ವರದನ್ ಅವರ ಧ್ವನಿ ನನಗೆ ಗೊತ್ತು, ಇಷ್ಟು ಕೀರಲು ಅಲ್ಲ” ಎಂದರು. ಸಾರ್ ಒಮ್ಮೆ ನನ್ನ ಕಡೆ ತಿರುಗಿದರು. ಅವರಿಗೆ ಎಲ್ಲ ಅರ್ಥವಾಯಿತು. ನನ್ನನ್ನು ಅಲ್ಲೇ ಕೆಲಸದಿಂದ ತೆಗೆಯಬಹುದಿತ್ತು. “ಅವನು ಮಾತಾಡಿದರೂ ನಾನು ಮಾತಾಡಿದ ಹಾಗೇ ಮಾಮಿ. ತಪ್ಪು ನಮ್ಮ ಆಫೀಸಿನದು,” ಎಂದರು. ಇದನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಆಮೇಲೆ ಎಷ್ಟೋ ಬಾಸ್‌ಗಳನ್ನು ನೋಡಿದೆ. ಎಲ್ಲರನ್ನೂ ಆಡಿ ತೋರಿಸಬಲ್ಲೆ, ವರದನ್ ಸಾರ್ ಹಾಗೆ ನಡೆದುಕೊಳ್ಳುವುದು ಯಾರಿಗೂ ಬರಲಿಲ್ಲ.

ಗದ್ದಲ ಕೇಳಿ ರಾದಾ ಮೆಟ್ಟಿಲಿಳಿದು ಬಂದಳು, ಕಪ್ಪು ಬಟ್ಟೆ, ಕೈಯಲ್ಲಿ ಬೇಯಿಸಿದ ಗೋಧಿಯ ಪಾತ್ರೆ. ಪೋಸ್ಟರು ಕಂಡಳು. ಮೊದಲು ಅದರ ಅಳತೆ, ಆಮೇಲೆ ಗೇಟು, ಆಮೇಲೆ ತಟ್ಟೆ ಹಿಡಿದು ಬಿಸಿಲಲ್ಲಿ ನಿಂತ ಜನ. ನನ್ನನ್ನು ಒಂದೇ ಪ್ರಶ್ನೆ ಕೇಳಿದಳು: “ನೀನು ಅವರನ್ನು ಕೇಳಿದೆ ತಾನೇ?” ನಾನು ತಲೆ ಆಡಿಸಿದೆ, ಮೇಲೆ ಕೆಳಗೆ, ಅವಳ ಊರಿನ ಲೆಕ್ಕದಲ್ಲಿ. ಅವಳಿಗೆ ಅರ್ಥವಾಯಿತು. ಬಾಗಿಲಿನ ಸಂದಿಯಲ್ಲಿ ನಿಂತಿದ್ದ ಸುಮಾ ಅಳಲು ಶುರುಮಾಡಿದಳು.

ರಾದಾ ಪಾತ್ರೆ ಕೆಳಗಿಟ್ಟು, ಉಗುರಿನಿಂದ ಪೋಸ್ಟರಿನ ಮೂಲೆ ಎಬ್ಬಿಸಿದಳು. ನನ್ನ ಅಂಟು ಗಟ್ಟಿ. ಇಡಿಯಾಗಿ ಬರಲಿಲ್ಲ, ಚೂರು ಚೂರಾಗಿ ಬಂತು. ಪಾರಿವಾಳ ಹೋಯಿತು, ದೀಪ ಹೋಯಿತು, ಅಂತಿಮ ಯಾತ್ರೆಯ ಸಾಲೂ ಹೋಯಿತು. ಫೋಟೋದ ಅಂಚಿಗೆ ಬಂದಾಗ ಅವಳ ಕೈ ನಿಂತಿತು. ಇನ್ನು ಕಿತ್ತರೆ ಮುಖ ಹರಿಯಬೇಕು.

“ಏನು ಹೇಳ್ತಾಳೆ ಅವಳು? ಕೇಳಿ ನನಗೆ ಹೇಳು,” ಎಂದರು ಮಾಮಿ ನನಗೆ. “ಅವಳ ಹಾಗೆ ಆಡಬೇಡ. ನೆಟ್ಟಗೆ ಹೇಳು.”

ರಾದಾ ಹೇಳಿದ್ದನ್ನು ನೆಟ್ಟಗೆ ಹೇಳಿದೆ. ಸತ್ತು ಒಂದು ವರ್ಷವಾಯಿತು. ಹೂತದ್ದು ಅಲ್ಲಿ. ಇವಳು ಹೋಗಲಿಲ್ಲ, ಆಗ ಮಗುವಿಗೆ ಅಮ್ಮ ಎದ್ದಿತ್ತು. ಮನೆ ಬಿಡಿಸುತ್ತೀರೆಂದು ಹೆದರಿ ಹೇಳಲಿಲ್ಲ. ವರ್ಷವಿಡೀ ಬೀರುವಿನಲ್ಲಿ ಇಟ್ಟಿದ್ದಳು. ಈ ಬೀದಿಯ ನಾಲ್ಕು ಜನ ಅಮ್ಮನ ಮುಖ ನೋಡಲಿ ಎಂದು ಆಸೆಪಟ್ಟಳು. ಈಗ ಸುಮಾಗೆ ಕೆಡುಕಾಗುವುದಾದರೆ ಮುಖವನ್ನೂ ಕೀಳುತ್ತಾಳೆ, ಸಂಜೆಯೊಳಗೆ ಮನೆಯನ್ನೂ ಬಿಡುತ್ತಾಳೆ. ಇಷ್ಟನ್ನು ನನ್ನ ಸ್ವಂತ ಧ್ವನಿಯಲ್ಲಿ, ಕನ್ನಡದಲ್ಲಿ ಹೇಳಿದೆ. ಅದನ್ನು ಬಳಸಿ ಬಹಳ ವರ್ಷವಾಗಿತ್ತು, ನಡುನಡುವೆ ಒಡೆಯಿತು.

ಮಾಮಿ ಬಗ್ಗಿ ಪಾತ್ರೆಯ ಮುಚ್ಚಳ ತೆಗೆದು, “ಏನಿದು?” ಎಂದರು. ಬೇಯಿಸಿದ ಗೋಧಿ, ಸಕ್ಕರೆ, ಅಕ್ರೋಟು. ಸತ್ತವರ ಹೆಸರಲ್ಲಿ ಹಂಚುವುದು ಎಂದೆ. ಮಹಡಿಯಲ್ಲಿ ಬೆಂದ ಧಾನ್ಯವನ್ನು ಮಾಮಿ ಎರಡು ವರ್ಷದಲ್ಲಿ ಒಂದು ಸಲವೂ ಮುಟ್ಟಿರಲಿಲ್ಲ. ಸಬ್ಬಸಿಗೆಯ ಸ್ನೇಹ ಬೇರೆ, ಮಡಿ ಬೇರೆ. ಈಗಲೂ ತಿನ್ನಲಿಲ್ಲ. ಮುಚ್ಚಳ ಹಾಕಿ, ಪಾತ್ರೆಯನ್ನು ಎತ್ತಿ ಸೊಂಟಕ್ಕೆ ಇಟ್ಟುಕೊಂಡರು, ಮಗುವನ್ನು ಎತ್ತಿಕೊಳ್ಳುವ ಹಾಗೆ. ಇನ್ನೊಂದು ಕೈಯಿಂದ ರಾದಾಳ ಮಣಿಕಟ್ಟು ಹಿಡಿದು ಪೋಸ್ಟರಿನಿಂದ ಈಚೆ ಎಳೆದರು.

ಫ್ರೀಜರ್ ಬಾಕ್ಸಿನವನು ಗಾಡಿ ತಿರುಗಿಸಿದ. ಎದುರುಮನೆಯವರು ಮಾಲೆಯನ್ನು ಏನು ಮಾಡಬೇಕೆಂದು ತೋಚದೆ ಗೇಟಿನ ಕೊಂಡಿಗೆ, ಅಜ್ಜಿಯ ಫೋಟೋದ ಮೇಲೆ ಸಿಕ್ಕಿಸಿದರು. ನಾನು ತಮಿಳಿನಲ್ಲೂ ಒಮ್ಮೆ ಹೇಳಿದ್ದರಿಂದ, ಸೂತಕವಿಲ್ಲ ಎಂದು ಸೋದರಮಾವನಿಗೂ ಈಗ ತಿಳಿದಿತ್ತು. ಆದರೆ ಗೇಟು ದಾಟಲು ಕಾಲು ಬರಲಿಲ್ಲ.

ಆ ಮನೆ, ಮಾಮಿ, ರಾದಾ, ವರದನ್ ಸಾರ್ ನನಗೆ ಕೊಟ್ಟಿದ್ದಕ್ಕೆ ಲೆಕ್ಕ ಹೇಳಲು ಆಗುವುದಿಲ್ಲ. ಅಂದಿನಿಂದ ಕೇಳಿ ಬರುತ್ತೇನೆ ಎಂದರೆ ನಿಜವಾಗಿ ಹೋಗಿ ಕೇಳಿಯೇ ಬರುತ್ತಿದ್ದೆ; ಬೇಡ ಎಂದವರ ಬೇಡವನ್ನೂ ಹಾಗೇ ತಂದು ಒಪ್ಪಿಸುತ್ತಿದ್ದೆ. ವಾಣಿ, ನಿನಗೆ ಹೇಳಬೇಕಾದದ್ದು ಇಷ್ಟೇ. ಉಳಿದದ್ದು ನೀರಿನ ಲಾರಿಯ ಹೊತ್ತು. ಸುಮಾಳ ಮಗನಿಗೆ ಈಗ ಮೂರು ವರ್ಷ. ಅವನನ್ನು ಮೊದಲು ನಡೆಸಿದ್ದು ಮಹಡಿ ವರಾಂಡದಲ್ಲಿ ಮಿಲಾ.

ಆದರೆ ಅಂದು, ಆ ಬಿಸಿಲಲ್ಲಿ, ಇದೊಂದೂ ಖಾತ್ರಿಯಿರಲಿಲ್ಲ. ಸೋದರಮಾವ ಪಂಚೆಯ ಅಂಚು ಹಿಡಿದು, ದನಿ ತಗ್ಗಿಸಿ, ಕೊನೆಯ ಸಲ ಕೇಳಿದರು:

“ಎಲ್ಲಾ ಸರಿ ಮಾಮಿ. ಯಾವುದೋ ದೇಶದಲ್ಲಿ ಸತ್ತ ಆಯಮ್ಮನಿಗೂ ನಮ್ಮ ಬೀದಿಗೂ ಏನು ಸಂಬಂಧ?”

ಮಾಮಿ ಪಾತ್ರೆಯನ್ನು ಸೊಂಟದ ಇನ್ನೊಂದು ಪಕ್ಕಕ್ಕೆ ಬದಲಾಯಿಸಿಕೊಂಡರು.

“ನಮ್ಮಮ್ಮ ಮೈಸೂರಲ್ಲಿ ಹೋದಾಗ ನಾನು ಇದೇ ಮನೇಲಿ, ಸುಮಾನ ಬಾಣಂತನದಲ್ಲಿ ಮಲಗಿದ್ದೆ, ಹೋಗಕ್ಕಾಗ್ಲಿಲ್ಲ. ಈ ಬೀದೀಲಿ ಒಬ್ಬರೂ ಯಾಕಮ್ಮಾ ಮುಖ ಬಾಡಿದೆ ಅಂತ ಕೇಳ್ಲಿಲ್ಲ. ಇವಳ ಅಮ್ಮನ ಮುಖ ಇಷ್ಟು ಜನ ನೋಡಿದ್ರು, ನೀವೂ ನೋಡಿ ಆಯ್ತು. ಈಗ ಒಳಗೆ ಬನ್ನಿ, ಕಾಫಿ ಆರ್ತಾ ಇದೆ.”